ಹಳೆ ಅಂಬಾಸಿಡರ್‌ಗೆ ಹದವಾದ ನಡೆ

ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿ ಬಂದರೆ ಹಳೆ ಕಾರಿನ ಗುಣದೋಷಗಳೆಲ್ಲ ಬಯಲಾಗುತ್ತವೆ. ಶಿಗ್ಗಾವಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ನೇರ ಓಟ. ಸವಣೂರು ಕಡೆಯ ಎರೆಭೂಮಿ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಮೇಲಿನ ಡಾಂಬರನ್ನೂ ಏರಿಳಿಸುತ್ತದೆ. ಹಾನಗಲ್ಲು ಮಲೆನಾಡಿನ ಸೆರಗು. ಮಳೆಗಾಲವಿಡೀ ಹಸಿ ರಸ್ತೆ. ಹಿರೇಕೆರೂರಿನತ್ತ ಗುಡ್ಡ, ಕೆರೆ ಏರಿಗಳ ತಿರುವು. ಈ ನಾಲ್ಕಕ್ಕೂ ಒಗ್ಗುವಂತೆ ಕಾರನ್ನು ಸಜ್ಜುಗೊಳಿಸುವುದು ಗ್ಯಾರೇಜಿನ ಹಳೆಯ ಕಸುಬು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಮೂಡಿದ ಅಂಬಾಸಿಡರ್ 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಇದರ ಮುಂಗಾಲಿಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದನೆಯ ಟಾರ್ಷನ್ ಬಾರ್ ಇದೆ. ಗಾಲಿ ಮೇಲೆದ್ದಾಗ ಆ ಉಕ್ಕಿನ ಸರಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಮತ್ತೆ ನೆಟ್ಟಗಾಗುವ ಅದರ ಹಟವೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹಿಂದಿರುವುದು ಲಾರಿಯವರೆಲ್ಲ ಬಲ್ಲ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಇನ್ನೊಂದು ಹಳೆ ಕಾರು ಪ್ರೀಮಿಯರ್ ಪದ್ಮಿನಿಯ ಹಿಂಬದಿಗೂ ಪಾಟಾನೇ, ಮುಂದೆ ಮಾತ್ರ ಸುರುಳಿ.

ಕಾರು ಹಿಂದೆ ಕುಸಿದರೆ ಪಾಟಾಕ್ಕೆ ಇನ್ನೊಂದು ಪಟ್ಟಿ ಸೇರಿಸುವುದು ಎಲ್ಲೆಡೆಯ ರೂಢಿ. ತುಂಬು ಮಂದಿ ಕೂತಾಗ ಅದು ಸರಿ. ಖಾಲಿ ಕಾರಿನಲ್ಲಿ ಮಾತ್ರ ಹಿಂಭಾಗ ಎಗರುತ್ತದೆ, ಹಾನಗಲ್ಲಿನಂಥ ಹಸಿ ರಸ್ತೆಯ ತಿರುವಿನಲ್ಲಿ ಜಾರುತ್ತದೆ. ಗಾಲಿ ನೆಲ ಬಿಟ್ಟರೆ ಹಿಡಿತವೆಲ್ಲಿ? ಗಟ್ಟಿ ಮಾಡಿದ ಮಾತ್ರಕ್ಕೆ ಕಾರು ಸ್ಥಿರವಾಗುವುದಿಲ್ಲ. ಗಾಲಿ ನೆಲಕ್ಕೆ ಅಂಟಿ ಓಡಬೇಕು. ಈ ಕಸುಬಿನ ಮೂಲಸೂತ್ರವೇ ಅದು.

ಹಾಗಾಗಿ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಸವೆದ ರಬ್ಬರ್ ಬುಷ್, ಸಡಿಲಾದ ಟೈರಾಡ್ ಎಂಡ್ ಬದಲಿಸಬೇಕು. ಮುಂಗಾಲಿಯ ಕೀಲುಗಳಿಗೆ ಗ್ರೀಸ್ ಹೊಡೆಯಬೇಕು. ಪಾಟಾ ಬಿಚ್ಚಿ, ತುಕ್ಕು ಉಜ್ಜಿ, ಪಟ್ಟಿಗಳ ನಡುವೆ ಗ್ರೀಸ್ ಸವರಬೇಕು. ತುಕ್ಕಿಗೆ ಅಂಟಿಕೊಂಡ ಪಟ್ಟಿಗಳು ಬಾಗುವುದೇ ಇಲ್ಲ. ಟಾರ್ಷನ್ ಬಾರ್ ಬಿಚ್ಚಿದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ತಿರುಚಿನ ದಿಕ್ಕಿಗೆ ಉಕ್ಕು ಒಗ್ಗಿರುತ್ತದೆ. ಎರಡೂ ಬದಿಯ ಎತ್ತರ ಸಮವಾಗಿಸಿದ ಮೇಲೆಯೇ ಅಲೈನ್‌ಮೆಂಟ್. ಅದಕ್ಕೂ ಮುಂಚೆ ಮಾಡಿಸಿದ್ದು ವ್ಯರ್ಥ.

ಸುಧಾರಣೆ ಇದರ ನಂತರ. ಸವಣೂರಿನ ಏರಿಳಿತ ದಾಟಿದ ಮೇಲೂ ಕಾರು ತೂಗುತ್ತಲೇ ಇದ್ದರೆ ತಪ್ಪು ಸ್ಪ್ರಿಂಗಿನದಲ್ಲ, ಶಾಕ್ ಅಬ್ಸಾರ್ಬರಿನದು. ಹೆದ್ದಾರಿಗೆ ನೈಲಾನ್ ಟೈರಿಗಿಂತ ರೇಡಿಯಲ್ ಮೇಲು. ಎರಡೇ ಕೊಳ್ಳುವುದಾದರೆ ಹಿಂದಕ್ಕೆ ಹಾಕಬೇಕು. ತೀರ ಅಗಲದ ಟೈರ್ ಹಾಕಿದರೆ ಪವರ್ ಸ್ಟೇರಿಂಗ್ ಇಲ್ಲದ ಹಳೆ ಕಾರನ್ನು ತಿರುಗಿಸಲು ತೋಳು ಸೋಲುತ್ತದೆ. ಹಿರೇಕೆರೂರಿನ ತಿರುವುಗಳಲ್ಲಿ ಕಾರು ವಾಲುವುದನ್ನು ಮುಂದೆ ಆ್ಯಂಟಿ ರೋಲ್ ಬಾರ್ ಹಾಕಿ ತಗ್ಗಿಸಬಹುದು. ಅದು ತೀರ ದಪ್ಪನಾದರೆ ಮೂತಿ ತಿರುವಿನಿಂದ ಹೊರಕ್ಕೆ ಸರಿಯುತ್ತದೆ. ಅಂದಕ್ಕಾಗಿ ಕಾರನ್ನು ನೆಲಕ್ಕೆ ಇಳಿಸುವ ಆಟ ನಮ್ಮೂರ ಹಂಪುಗಳ ಮುಂದೆ ನಡೆಯದು.

ಬದಲಾವಣೆಗೆ ಇಳಿಯುವ ಮುನ್ನ ಕಾಯಿದೆಯನ್ನೂ ನೋಡಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಅದು ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸುವಂತಿಲ್ಲ. ಆದ್ದರಿಂದ ಕತ್ತರಿಸಿ ಬೆಸುಗೆ ಹಾಕುವ ಕೆಲಸ ಬಿಟ್ಟು, ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ಬದಲಾವಣೆಗಳನ್ನಷ್ಟೇ ಮಾಡಿಸುವುದು ಜಾಣತನ. ತೆಗೆದ ಬಿಡಿಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ.