ಬಹುಕೇಂದ್ರ ಮಿದುಳು ಚಿತ್ರಣ ದತ್ತಾಂಶದಲ್ಲಿ ಭಾಷೆಯ ಅಂಕಣ: ಕೌಲ್ ಬಜಾರ್‌ನ ನಿದರ್ಶನ

ಹಲವು ಆಸ್ಪತ್ರೆಗಳು ಕೂಡಿ ನಡೆಸುವ ಚಿಕಿತ್ಸಾ ಪ್ರಯೋಗಗಳಲ್ಲಿ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಒಂದೆಡೆ ಸೇರಿಸುವಾಗ ಮೊದಲು ಎದುರಾಗುವ ತೊಡಕು ಯಂತ್ರಗಳದು. ತಯಾರಕರು, ಕಾಂತಕ್ಷೇತ್ರದ ಬಲ, ಚಿತ್ರಣಕ್ರಮ ಬದಲಾದಂತೆ ಒಂದೇ ಮಿದುಳಿನ ಅಳತೆಯೂ ತುಸು ಬದಲಾಗುತ್ತದೆ. ಈ ‘ಕೇಂದ್ರ ಪರಿಣಾಮ’ವನ್ನು ಸಂಖ್ಯಾಶಾಸ್ತ್ರೀಯವಾಗಿ ಕಳೆಯಲು ಕಾಂಬ್ಯಾಟ್‌ನಂತಹ ವಿಧಾನಗಳಿವೆ, 2007ರಲ್ಲಿ ವಂಶವಾಹಿ ದತ್ತಾಂಶಕ್ಕಾಗಿ ರೂಪುಗೊಂಡ ಅದನ್ನು ಅನಂತರ ಮಿದುಳು ಚಿತ್ರಣಕ್ಕೂ ಅಳವಡಿಸಲಾಯಿತು.

ಭಾರತದಲ್ಲಿ ಕೇಂದ್ರ ಬದಲಾದರೆ ಭಾಷೆಯೂ ಬದಲಾಗುವುದೇ ಹೆಚ್ಚು. ಹಾಗಾಗಿ ಕೇಂದ್ರದ ಪರಿಣಾಮವನ್ನು ಕಳೆಯುವಾಗ ಭಾಷೆಯ ಪರಿಣಾಮವೂ ಅದರೊಡನೆ ಅಳಿದುಹೋಗಬಹುದು. ಇದು ಉಪೇಕ್ಷಿಸುವ ಸಂಗತಿಯಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದ್ವಿಭಾಷಿಕರಲ್ಲಿ ರೋಗವು ಏಕಭಾಷಿಕರಿಗಿಂತ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಗುಂಪುಗಳು ಚಿಕ್ಕವಾಗಿರುವ ಪ್ರಯೋಗದಲ್ಲಿ ಭಾಷೆ ದಾಖಲಾಗದಿದ್ದರೆ, ಬಹುಭಾಷಿಕತೆಯ ಫಲವು ಔಷಧದ ಖಾತೆಗೆ ಜಮೆಯಾದೀತು.

ಬಳ್ಳಾರಿಯ ಕೌಲ್ ಬಜಾರ್‌ನಂತಹ ಪ್ರದೇಶ ಈ ಗಂಟನ್ನು ಬಿಡಿಸಲು ನೆರವಾಗಬಲ್ಲದು. ಕನ್ನಡ, ತೆಲುಗು, ದಖನಿಗಳು ಅಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಯಂತ್ರ ಒಂದೇ ಇದ್ದು ಭಾಷೆ ಮಾತ್ರ ಬೇರೆಯಾದಾಗ ಎರಡರ ಪರಿಣಾಮಗಳನ್ನು ಬೇರ್ಪಡಿಸಬಹುದು. ಆದರೆ ‘ಮಾತೃಭಾಷೆ’ ಎಂಬ ಒಂದೇ ಅಂಕಣ ಇದಕ್ಕೆ ಸಾಲದು. ಮನೆಯಲ್ಲಿ ದಖನಿ, ವ್ಯಾಪಾರದಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಬಳಸಿದವರು ಆ ಅಂಕಣದಲ್ಲಿ ‘ಉರ್ದು’ ಎಂದಷ್ಟೇ ಬರೆಸುವುದುಂಟು. ಭಾಷಾ ಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಖನಿಗೆ ಪ್ರತ್ಯೇಕ ಸಂಕೇತವಿದ್ದರೂ ನಮೂನೆಗಳು ಅದನ್ನು ಕೇಳುವುದು ವಿರಳ. ಚಿತ್ರಗಳೊಡನೆ ಸಾಗುವ ಡೈಕಾಮ್ ಮಾನಕದಲ್ಲಿ ಭಾಷೆಗೊಂದು ಜಾಗವಿದೆ ನಿಜ. ಅದು ರೋಗಿಯೊಡನೆ ಯಾವ ಭಾಷೆಯಲ್ಲಿ ವ್ಯವಹರಿಸಬಹುದೆಂಬುದನ್ನು ಹೇಳುತ್ತದೆಯೇ ಹೊರತು ಆತನ ಭಾಷಾಚರಿತ್ರೆಯನ್ನಲ್ಲ.

2016ರಲ್ಲಿ ಪ್ರಕಟವಾದ ಬಿಡ್ಸ್ ಎಂಬ ದತ್ತಾಂಶ ವಿನ್ಯಾಸವು ಹೆಚ್ಚು ಉದಾರವಾದುದು. ಅದರ ಭಾಗಿಗಳ ಪಟ್ಟಿಗೆ ಬೇಕಾದ ಅಂಕಣಗಳನ್ನು ಸೇರಿಸಿ, ಪ್ರತಿಯೊಂದರ ಅರ್ಥವನ್ನು ಜೊತೆಯ ಕಡತದಲ್ಲಿ ವಿವರಿಸಬಹುದು. ಮನೆಭಾಷೆ, ಪ್ರತಿ ಭಾಷೆಯನ್ನು ಕಲಿತ ವಯಸ್ಸು, ಓದಬಲ್ಲ ಲಿಪಿ, ಈಗಿನ ಬಳಕೆ, ಪರೀಕ್ಷೆಯ ಸೂಚನೆ ನೀಡಿದ ಭಾಷೆ ಇವು ಅಲ್ಲಿರಬೇಕೆಂಬುದು ನಮ್ಮ ಅಭಿಪ್ರಾಯ. ಕೊನೆಯದನ್ನು ನಾವು ಒತ್ತಿ ಹೇಳುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷಾಮಾಲೆಯನ್ನು ಮೊದಲು ಸಿದ್ಧಪಡಿಸಿದ ಐದು ಭಾಷೆಗಳಲ್ಲಿ ಕನ್ನಡ, ತೆಲುಗುಗಳಿವೆ, ದಖನಿಯಿಲ್ಲ. ಕನ್ನಡದಲ್ಲಿ ಪರೀಕ್ಷೆಗೊಳಗಾದ ದಖನಿ ಭಾಷಿಕರ ಕಡಿಮೆ ಅಂಕವು ರೋಗದ ಗುರುತೋ, ಭಾಷೆಯ ತೊಡಕೋ ಎಂಬುದನ್ನು ಚಿತ್ರವೊಂದೇ ಹೇಳಲಾರದು.

ಅಂಕಣಗಳು ಹೆಚ್ಚಿದಷ್ಟೂ ವ್ಯಕ್ತಿಯ ಗುರುತು ಹತ್ತುವುದು ಸುಲಭವಾಗುತ್ತದೆ. ಆದ್ದರಿಂದ ಚಿತ್ರದಲ್ಲಿನ ಮುಖಭಾಗವನ್ನು ಅಳಿಸುವಂತೆಯೇ, ದತ್ತಾಂಶ ಕೇಂದ್ರದಿಂದ ಹೊರಡುವ ಮುನ್ನ ಬಡಾವಣೆಯ ಹೆಸರನ್ನೂ ತೆಗೆದು, ಭಾಷಾವಿವರವನ್ನು ಉಳಿಸಿಕೊಳ್ಳತಕ್ಕದ್ದು.