ಹುಂಡಿ ಹಣ: ತೆರಿಗೆಯಾ, ಶುಲ್ಕವಾ?

ವಿಧಾನಸಭೆಯಲ್ಲಿ ಭರ್ಜರಿ ಬಹುಮತ ಇದ್ದ ಸರ್ಕಾರದ ಮಸೂದೆ,
ಎರಡೇ ದಿನದಲ್ಲಿ ಪರಿಷತ್ತಿನಲ್ಲಿ ಬಿದ್ದಿದ್ದು ಹೇಗೆ?
2024ರ ಫೆಬ್ರವರಿ. ಮುಜರಾಯಿ ತಿದ್ದುಪಡಿ ಮಸೂದೆ.
ವರ್ಷಕ್ಕೆ 1 ಕೋಟಿ ಮೀರಿ ಆದಾಯ ಇರುವ ದೇವಸ್ಥಾನ ಶೇ. 10,
10 ಲಕ್ಷದಿಂದ 1 ಕೋಟಿವರೆಗಿನದು ಶೇ. 5,
ಸಾಮಾನ್ಯ ನಿಧಿಗೆ ಕೊಡಬೇಕು.
ಇದು ಬಡ ದೇವಸ್ಥಾನಗಳಿಗೆ, ಅರ್ಚಕರಿಗೆ ಅಂದಿತು ಸರ್ಕಾರ.
ಇಲ್ಲ, ಭಕ್ತರ ಕಾಣಿಕೆ ಮೇಲೆ ತೆರಿಗೆ ಅಂದಿತು ಬಿಜೆಪಿ.
21ಕ್ಕೆ ವಿಧಾನಸಭೆ ಒಪ್ಪಿತು.
23ಕ್ಕೆ ಪರಿಷತ್ತು ಧ್ವನಿಮತದಲ್ಲಿ ತಳ್ಳಿಹಾಕಿತು.

ಇಲ್ಲೇ ಇರೋದು ನೋಡಿ ವಿಷಯ.
ಬರೀ ತೆರಿಗೆಯಾಗಿದ್ದರೆ ಅದು ಧನ ವಿಧೇಯಕ.
ಪರಿಷತ್ತು 14 ದಿನ ಇಟ್ಟುಕೊಳ್ಳಬಹುದು, ಅಷ್ಟೇ. ಸೋಲಿಸೋಕೆ ಆಗಲ್ಲ.
ತೆರಿಗೆ ಬೇರೆ, ಸೇವೆಗೆ ಪಡೆಯುವ ಶುಲ್ಕ ಬೇರೆ; ಬರೀ ಶುಲ್ಕದ ಮಸೂದೆ ಧನ ವಿಧೇಯಕ ಆಗಲ್ಲ.
1954ರಲ್ಲಿ ಉಡುಪಿಯ ಶೀರೂರು ಮಠದ ಪ್ರಕರಣದಲ್ಲೇ
ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿತ್ತು.
ಅಂದರೆ, ತೆರಿಗೆ ಅಂತ ಕೂಗಿದವರು ಗೆದ್ದಿದ್ದೇ
ಅದು ಧನ ವಿಧೇಯಕ ಆಗಿರದ ಕಾರಣಕ್ಕೆ.

ಜನ ನೇರವಾಗಿ ಆರಿಸಿದ ಸಭೆಗೆ ಪರಿಷತ್ತು ಅಡ್ಡ ಬರಬಹುದಾ?
ನ್ಯಾಯವಾದ ಪ್ರಶ್ನೆ.
ಆದರೆ ಪರಿಷತ್ತು ನಮ್ಮ ಅಂಜನಾಪುರ ಡ್ಯಾಮಿನ ಹಾಗೆ.
ಕುಮುದ್ವತಿ ನದಿಯನ್ನು ಸ್ವಲ್ಪ ಕಾಲ ಹಿಡಿದಿಡುತ್ತೆ.
ತುಂಬಿದ ಮೇಲೆ ಕೋಡಿ ಬೀಳಲೇಬೇಕು.
29ಕ್ಕೇ ವಿಧಾನಸಭೆ ಮಸೂದೆಯನ್ನು ಮತ್ತೆ ಪಾಸು ಮಾಡಿತು.

ನನ್ನ ತಕರಾರು ಆ ಆರು ದಿನಗಳ ಬಗ್ಗೆ.
ಧರ್ಮದ ಹೆಸರಲ್ಲಿ ಎರಡೂ ಕಡೆ ಕೂಗಾಟ ಜೋರಾಗಿತ್ತು.
ಕೇಳಬೇಕಾಗಿದ್ದು ಲೆಕ್ಕ.
ಶುಲ್ಕ ಅಂದಮೇಲೆ ಪ್ರತಿಯಾಗಿ ಸೇವೆ ಕಾಣಬೇಕು.
ಚಂದ್ರಗುತ್ತಿ ದೇವಸ್ಥಾನದ ಹುಂಡಿಗೆ ಹತ್ತು ರೂಪಾಯಿ ಹಾಕುವ ತಾಯಿಗೆ ತಿಳಿಯುವಂತೆ,
ಸಾಮಾನ್ಯ ನಿಧಿಯಿಂದ ಯಾವ ಊರಿನ ಗುಡಿಯ ಸೂರು ರಿಪೇರಿ ಆಯ್ತು,
ಯಾವ ಅರ್ಚಕರಿಗೆ ಎಷ್ಟು ಸಿಕ್ಕಿತು ಅನ್ನೋದನ್ನ
ದೇವಸ್ಥಾನದ ಬೋರ್ಡಿನಲ್ಲೇ ಬರೆದು ಹಾಕಲಿ.