ಉಳ್ಳಾಗಡ್ಡಿ ಬೀಜಕ್ಕೆ ಯಾಕೆ ನೆರಳು ಬೇಕು

ಗದಗದ ಮಗ್ಗುಲಿನ ಕಳಸಾಪುರ ಸೀಮೆಯಲ್ಲಿ ಉಳ್ಳಾಗಡ್ಡಿ ಬೀಜ ಕೈಗೆ ಬರುವುದು ಬಿಸಿಲು ನೆತ್ತಿ ಸುಡುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಗೊಂಡೆ ಕೊಯ್ದು ತಂದು ತಾರಸಿಯ ಮೇಲೆ ಹರವಿಬಿಟ್ಟರೆ ಎರಡೇ ದಿನಕ್ಕೆ ಗರಿಗರಿ ಒಣಗುತ್ತವೆ. ಜೂನ್‌ನಲ್ಲಿ ಅದೇ ಬೀಜ ಅರ್ಧಕ್ಕರ್ಧ ಮೊಳೆಯದೆ ಹೋದಾಗ ಬೈಸಿಕೊಳ್ಳುವುದು ಮಾತ್ರ ಮಳೆರಾಯ.

ಬೀಜದ ನೀರನ್ನು ಎಳೆದುಕೊಳ್ಳುವುದು ಒಣಗಾಳಿ. ಕಾವು ಆ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ. ಆದರೆ ಹಸಿ ಬೀಜ ಕಾವನ್ನು ತಾಳುವುದಿಲ್ಲ: ಒಳಗೆ ನೀರಿರುವಾಗಲೇ ಬಿಸಿ ತಗುಲಿದರೆ ಭ್ರೂಣ ಬೆಂದುಹೋಗುತ್ತದೆ. ತೇವಾಂಶ ಶೇ 18ಕ್ಕಿಂತ ಹೆಚ್ಚಿದ್ದರೆ 32 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಶೇ 10ಕ್ಕಿಂತ ಕೆಳಗಿಳಿದ ಮೇಲೆ 43ರವರೆಗೂ ತಡೆಯುತ್ತದೆ ಎಂಬುದು ರೂಢಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಇಲ್ಲಿ ತಾರಸಿಯ ಸಿಮೆಂಟು, ತಗಡು 50 ಡಿಗ್ರಿ ದಾಟಿ ಕಾಯುತ್ತವೆ. ಬರಿಗಾಲು ಇಡಲಾಗದ ಜಾಗದಲ್ಲಿ ಬೀಜವನ್ನೂ ಇಡಬಾರದು.

ಜೀನ್ ಬ್ಯಾಂಕುಗಳಲ್ಲಿಯೂ ಬೀಜ ಒಣಗಿಸುವುದು ತಂಪಾದ, ತೀರ ಒಣಗಿದ ಗಾಳಿಯಲ್ಲೇ. ತಂಪು ನಮ್ಮ ಕೈಲಿಲ್ಲ. ಒಣಗಾಳಿಯೇನೋ ಬೇಸಿಗೆಯ ಗದಗದಲ್ಲಿ ಪುಕ್ಕಟೆ ಸಿಗುತ್ತದೆ, ಅದನ್ನು ಬಿಟ್ಟು ಬಿಸಿಲಿನ ಹಿಂದೆ ಯಾಕೆ ಬೀಳಬೇಕೋ!

ಆದ್ದರಿಂದ ಗೊಂಡೆಗಳನ್ನು ಗಾಳಿಯಾಡುವ ಪಡಸಾಲೆಯಲ್ಲಿ, ಅರಿವೆಯ ಮೇಲೆ ತೆಳ್ಳಗೆ ಹರವಿ. ಪ್ಲಾಸ್ಟಿಕ್ ತಾಡಪತ್ರಿ ಬೇಡ, ಅಡಿಯಲ್ಲಿ ಬೆವರುತ್ತದೆ. ಮೊದಲ ಎರಡು ಮೂರು ದಿನ ಆಗಾಗ ಕೈಯಾಡಿಸಬೇಕು. ಆಮೇಲೆ ಉಜ್ಜಿ, ತೂರಿ, ಕರಿ ಬೀಜವನ್ನು ಬೇರೆ ಮಾಡಿ ಮರದಲ್ಲಿ ಹಾಕಿ. ಬೇಕಿದ್ದರೆ ಬೆಳಗಿನ 10ರೊಳಗಿನ ಎಳೆಬಿಸಿಲು ತೋರಿಸಬಹುದು. ರಾತ್ರಿ ಹೊರಗೆ ಬಿಡಬಾರದು, ಹಗಲು ಕಳೆದುಕೊಂಡ ತೇವವನ್ನು ಇರುಳಿನಲ್ಲಿ ಮರಳಿ ಹೀರುತ್ತವೆ. ಟೊಮೆಟೊ, ಸವತೆ ಬೀಜದ ಲೋಳೆ ಹೋಗಲು ಒಂದೆರಡು ದಿನ ಹುಳಿಬರಿಸಿ ತೊಳೆಯಬೇಕು. ಆ ಒದ್ದೆ ಬೀಜ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಜರಡಿಯಲ್ಲಿ ಹರವುವುದೇ ಲೇಸು. ಬೀಜಕ್ಕೆಂದು ಆರಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನು ಕಣದ ರಾಶಿಗೆ ಸೇರಿಸದೆ ಇಡಿಯಾಗಿ ನೆರಳಲ್ಲೇ ಒಣಗಿಸಿ, ನಂತರ ಒಡೆಯಿರಿ.

ಒಣಗಿತೋ ಇಲ್ಲವೋ ತಿಳಿಯುವುದಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಒಂದು ಹಿಡಿ ಬೀಜವನ್ನು ಬೇರೆ ತಟ್ಟೆಯಲ್ಲಿಟ್ಟು ದಿನವೂ ಅದೇ ಹೊತ್ತಿಗೆ ತೂಗಿ. ಮೂರು ದಿನ ತೂಕ ಇಳಿಯದೆ ನಿಂತರೆ, ಬೀಜ ಸುತ್ತಲಿನ ಗಾಳಿಗೆ ಸಮವಾಯಿತು ಎಂದರ್ಥ. ಬೇಸಿಗೆಯ ಗಾಳಿಯಾದರೆ ಅದು ಬೇಕಾದಷ್ಟಾಯಿತು. ಬೀಜ ಪ್ರಮಾಣೀಕರಣದ ಮಾನದಂಡದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬದನೆಗೆ ಸಾದಾ ಚೀಲದಲ್ಲಿ ಶೇ 8, ಗಾಳಿಯಾಡದ ಡಬ್ಬಿಯಲ್ಲಿ ಶೇ 6ರ ಮಿತಿಯಿದೆ. ಡಬ್ಬಿಗೆ ಹೆಚ್ಚು ಬಿಗಿ ಯಾಕೆಂದರೆ, ಅರೆಒಣಗಿದ ಬೀಜವನ್ನು ಮುಚ್ಚಳದೊಳಗೆ ಕೂಡಿಹಾಕುವುದು ಅರಿವೆ ಗಂಟಿನಲ್ಲಿ ಕಟ್ಟಿಡುವುದಕ್ಕಿಂತ ಕೆಟ್ಟದ್ದು. ಬೂಸ್ಟು ಹಿಡಿಯುತ್ತದೆ.

ತೇವಾಂಶ ಶೇ 14ರಿಂದ 5ರ ನಡುವೆ ಒಂದೊಂದು ಅಂಶ ಇಳಿದಂತೆ ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹಾಕಿಕೊಟ್ಟ ಸೂತ್ರವಿದೆ. ಉಳ್ಳಾಗಡ್ಡಿಗೆ ಇದು ಎಲ್ಲಕ್ಕಿಂತ ಹೆಚ್ಚು ಅನ್ವಯ: ತರಕಾರಿ ಬೀಜಗಳಲ್ಲೇ ಅದು ಅಲ್ಪಾಯುಷಿ, ಸಾದಾ ಗಂಟಿನಲ್ಲಿ ವರ್ಷ ದಾಟಿದರೆ ನಂಬುವಂತಿಲ್ಲ. ಅವರೆ, ಅಲಸಂದಿಯನ್ನು ಮಾತ್ರ ಅತಿಯಾಗಿ ಒಣಗಿಸಬಾರದು. ಸಿಪ್ಪೆ ಕಲ್ಲಾಗಿ ನೀರು ಹೀರುವುದನ್ನೇ ಬಿಡುತ್ತವೆ. ಕರಿಬೇವಿನ ಬೀಜವನ್ನಂತೂ ಒಣಗಿಸಲೇಬಾರದು, ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು.

ತುಂಬಿಡುವ ಮುನ್ನ ಬೀಜ ಪೂರ್ತಿ ಆರಿರಲಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಬಾಟಲಿ ಒಳಗೆ ಬೆವರುತ್ತದೆ. ಒಣಬೂದಿ ಬೆರೆಸುವ ಹಳೆಯ ರೂಢಿ ಚಲೋದು. ಅದು ತೇವ ಹೀರುತ್ತದೆ, ಹುಳವನ್ನೂ ತಡೆಯುತ್ತದೆ. ಕೆಂಪಗೆ ಹುರಿದ ಅಕ್ಕಿಯನ್ನು ಆರಿಸಿ, ಅರಿವೆಯಲ್ಲಿ ಕಟ್ಟಿ ಬಾಟಲಿಯ ತಳಕ್ಕಿಟ್ಟರೂ ನಡೆಯುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ಮುಚ್ಚಳವನ್ನು ತಂಪು ಬಿಡುವವರೆಗೆ ತೆಗೆಯಬೇಡಿ.

ಬಿತ್ತುವ ಹದಿನೈದು ದಿನ ಮೊದಲು ಐವತ್ತು ಬೀಜ ಎಣಿಸಿ ಒದ್ದೆ ಅರಿವೆಯಲ್ಲಿ ಸುತ್ತಿಡಿ. ಉಳ್ಳಾಗಡ್ಡಿಗೆ ಹನ್ನೆರಡು ದಿನ, ಮೆಣಸಿನಕಾಯಿಗೆ ಹದಿನಾಲ್ಕು ದಿನ ಬಿಟ್ಟು ಬಿಚ್ಚಿ ನೋಡಿ. ಉಳ್ಳಾಗಡ್ಡಿಯಲ್ಲಿ ಮೂವತ್ತೈದಕ್ಕೆ ಮೊಳಕೆ ಬಂದರೆ ಮಾನದಂಡದ ಶೇ 70 ಮುಟ್ಟಿತು. ಇಪ್ಪತ್ತೈದೇ ಬಂದರೆ ಮಡಿಗೆ ಬೀಜ ಒಂದೂವರೆ ಪಟ್ಟು ಹಾಕಬೇಕು, ಇಲ್ಲವೇ ಬೇರೆ ಬೀಜ ಹುಡುಕಲು ಇನ್ನೂ ಹೊತ್ತಿರುತ್ತದೆ.